ಮುಗಿದದ್ದು ಮಾತ್ರ

"ಸಾಹುಕಾರರಿಗೆ ಇಲ್ಲಿ ಅಕ್ಕಿ ಇಲ್ಲ ಕಣಜ್ಜಿ. ದಾರಿ ಬಿಡು."

ರೇಷನ್ ಅಂಗಡಿಯ ತಕ್ಕಡಿಯವನು ನಮ್ಮ ಕಾರ್ಡನ್ನು ಎರಡು ಬೆರಳಿನ ತುದಿಯಲ್ಲಿ ಹಿಡಿದು ಹಾಗೆಂದ. ಡ್ರಮ್ ತೊಳೆಯುವವರ ಕಾರ್ಡಿಗೆ ಒಂದು ವಾಸನೆ ಇರುತ್ತದೆ. ಪ್ಲಾಸ್ಟಿಕ್ ಹೊದಿಕೆ ಹಾಕಿಸಿದರೂ ಹೋಗುವುದಿಲ್ಲ. ಹಿಂದೆ ಸಾಲಿನಲ್ಲಿದ್ದವರು ನಕ್ಕರು. ನನ್ನ ಅತ್ತೆಯೂ ನಕ್ಕಳು. ತಮಾಷೆ ಎಂದುಕೊಂಡಳು.

"ಹೌದಪ್ಪ, ನಿನ್ನ ಮಾವನ ಮನೆ ನನ್ನ ಹತ್ರಾನೇ ಅಡ ಇದೆ. ಬಿಡಿಸ್ಕೊಳ್ಳೋದು ಯಾವಾಗ?" ಎನ್ನುತ್ತ ಚೀಲದ ಬಾಯಿ ಅಗಲಿಸಿ ತಕ್ಕಡಿಯ ಮುಂದೆ ಹಿಡಿದಳು.

ಅದು ಮುಳ್ಳಿನ ತಕ್ಕಡಿ. ಮೇಲೊಂದು ತಟ್ಟೆ, ಎದುರಿಗೆ ಗಡಿಯಾರದಂಥ ಮುಖ. ತಟ್ಟೆ ಖಾಲಿ ಇರುವಾಗಲೂ ಮುಳ್ಳು ಸೊನ್ನೆಯಿಂದ ಒಂದು ಬೆರಳು ಆಚೆ ನಿಂತಿರುತ್ತದೆ. ಓಣಿಯವರಿಗೆಲ್ಲ ಗೊತ್ತು. ಆ ಒಂದು ಬೆರಳು ಅವನದು.

ಅವನು ಚೀಲವನ್ನು ಕಿತ್ತು ಬಾಗಿಲಾಚೆ ಎಸೆದ. ಹೆಸರು ರದ್ದಾಗಿದೆ, ಗೋಡೆ ನೋಡಿಕೊಳ್ಳಿ ಎಂದ. ಅತ್ತೆ ಕದಲಲಿಲ್ಲ. ಅವನಿಗೆ ರೇಗಿತು.

"ಇಬ್ಬರು ಮುಂಡೇರು ತಿನ್ನೋಕೆ ಎಷ್ಟು ಬೇಕು? ಉಣ್ಣೋ ಗಂಡಸನ್ನ ಮಣ್ಣಿಗಿಟ್ಟು ಬಂದಿದೀರಿ, ಮನೇಲಿ ಮಿಕ್ಕಿರುತ್ತೆ. ನಡೀರಿ."

ಗೋಡೆಯ ಮೇಲೆ ಪಟ್ಟಿ ಅಂಟಿಸಿದ್ದರು. ರದ್ದಾದ ಹೆಸರುಗಳ ಎದುರು ಒಂದೊಂದು ಅಂಕಿ. ಅತ್ತೆಯ ಹೆಸರಿನ ಎದುರು ಹತ್ತೊಂಬತ್ತು ಎಂದಿತ್ತು. ತಾರೀಖು ಇರಬೇಕು, ಹತ್ತೊಂಬತ್ತಕ್ಕೆ ಬಂದರೆ ಕೊಡುತ್ತಾರೇನೋ ಕೇಳು ಎಂದಳು ಅತ್ತೆ.

ನಾನು ಕೇಳಲಿಲ್ಲ. ಅದು ಏನೆಂದು ನನಗೆ ಗೊತ್ತಿತ್ತು. ಅದನ್ನು ಬರೆಸಿದವಳು ನಾನೇ.

*

ನಾನು ಎಂ.ಎ. ಓದಿದವಳು. ಅರ್ಥಶಾಸ್ತ್ರ. ಓಣಿಯಲ್ಲಿ ಹುಟ್ಟಿ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಕೊನೆಯ ವರ್ಷದ ಶುಲ್ಕಕ್ಕೆ ಅತ್ತೆ ಕಿವಿಯ ಓಲೆ ಮಾರಿದ್ದಳು. ಆಗಿನ್ನೂ ಅವಳು ನನ್ನ ಅತ್ತೆಯಲ್ಲ; ನನ್ನ ಅಮ್ಮನ ಜೊತೆ ಡ್ರಮ್ ತೊಳೆಯುತ್ತಿದ್ದ ಎದುರುಮನೆಯವಳು. ಅವಳ ಬಾಯಲ್ಲಿ ಎಂ.ಎ. ಎಂಬುದು ಎಮ್ಮೆಯಾಯಿತು. "ನನ್ನ ಸೊಸೆ ಎಮ್ಮೆ ಮಾಡಿದಾಳೆ" ಎಂದು ಕಂಡಕಂಡವರಿಗೆ ಹೇಳುತ್ತಿದ್ದಳು. ಜನ ನಗುತ್ತಿದ್ದರು. ಕೆಲಸ ಸಿಗದೆ ಎರಡು ವರ್ಷ ಕಳೆದ ಮೇಲೆ ಅದೇ ನನ್ನ ಹೆಸರಾಯಿತು.

ಅವಳ ಮಗ, ನನ್ನ ಗಂಡ, ಧಣಿಯ ಅಂಗಳದಲ್ಲಿ ಡ್ರಮ್ ತೊಳೆಯುತ್ತಿದ್ದ. ಬಣ್ಣ, ಅಂಟು, ಕೀಟನಾಶಕ ತುಂಬಿದ್ದ ಡ್ರಮ್ಮುಗಳು. ಒಳಗೆ ಚರ್ಮ ಸುಡುವ ಕಾಸ್ಟಿಕ್ ನೀರು, ಒಂದು ಬುಟ್ಟಿ ಜಲ್ಲಿ, ಒಂದು ಮಾರು ಸರಪಳಿ ಹಾಕಿ ಮುಚ್ಚಳ ಬಿಗಿದು, ಕಾಲಿನಿಂದ ಒದೆಯುತ್ತ ಅಂಗಳದ ಆ ತುದಿಯಿಂದ ಈ ತುದಿಗೆ ಉರುಳಿಸಬೇಕು. ದೊಡ್ಡ ಟ್ಯಾಂಕುಗಳನ್ನು ಉರುಳಿಸಲಾಗುವುದಿಲ್ಲ. ಅದಕ್ಕೆ ಮನುಷ್ಯನೇ ಇಳಿಯಬೇಕು. ಇಳಿದವನಿಗೆ ಎರಡು ಪಟ್ಟು ಕೂಲಿ. ಅವನು ಇಳಿದ. ಹತ್ತಿ ಬಂದ. ಮಾರನೆಯ ದಿನ ಉಸಿರು ಸಿಗಲಿಲ್ಲ. ಆಸ್ಪತ್ರೆಯಲ್ಲಿ ಇಪ್ಪತ್ತೆರಡು ದಿನ ಇದ್ದ.

ಅವನನ್ನು ಮಣ್ಣು ಮಾಡಿದ ಆರನೆಯ ದಿನ ಸರ್ವೆಯವನು ಬಂದ. ಕುಟುಂಬ ವೆಚ್ಚದ ಸಮೀಕ್ಷೆ. ಹತ್ತು ಮನೆಗೊಂದರಂತೆ ಆರಿಸಿದ್ದರು, ನಮ್ಮದು ಬಂತು. ಸಣಕಲು ಮನುಷ್ಯ, ಬಗಲಲ್ಲಿ ಚೀಲ. ಬೋರಲು ಹಾಕಿದ ಸಣ್ಣ ಡ್ರಮ್ಮಿನ ಮೇಲೆ ಕೂತು, ಮುನ್ನೂರಕ್ಕೂ ಹೆಚ್ಚು ಪ್ರಶ್ನೆಗಳಿವೆ, ಬೇಸರಪಡಬೇಡಿ ಎಂದ. ಅತ್ತೆ ಆ ಕ್ಷಣವೇ ಅವನಿಗೆ ಪ್ರಶ್ನೆಪ್ಪ ಎಂದು ಹೆಸರಿಟ್ಟಳು.

ಸರ್ಕಾರದ ಕಾಗದ ಕಂಡರೆ ಅಳಬೇಕು ಎಂಬುದು ಓಣಿಯ ಶಾಸ್ತ್ರ. ತಿಂದದ್ದನ್ನು ತಿಂದಿಲ್ಲ ಎನ್ನಬೇಕು, ಇದ್ದದ್ದನ್ನು ಚಾಪೆಯಡಿಗೆ ತಳ್ಳಬೇಕು. ಪಕ್ಕದ ಮನೆಯ ಬೊಕ್ಕಬಾಯಿ ಗೋಡೆಯಾಚೆಯಿಂದ ಕೆಮ್ಮಿ ಕೆಮ್ಮಿ ನನಗೆ ಅದನ್ನು ನೆನಪಿಸಿದಳು. ಅತ್ತೆ ನನ್ನ ಕಾಲು ತುಳಿದಳು. ಆದರೆ ನಾನು ಇಂಥ ಪಟ್ಟಿಗಳನ್ನು ಪುಸ್ತಕದಲ್ಲಿ ಓದಿದವಳು. ಒಂದೊಂದು ಅಂಕಿಯ ಹಿಂದೆ ಒಂದೊಂದು ಮನೆ ಇರುತ್ತದೆ ಎಂದು ಮೇಷ್ಟ್ರು ಹೇಳಿದ್ದನ್ನು ನಂಬಿದವಳು. ಮತ್ತೆ, ಆ ಆರು ದಿನ ನನಗೆ ಎಲ್ಲರೂ ಏನಾದರೊಂದು ಹೇಳುತ್ತಿದ್ದರು. ಯಾರೂ ಏನನ್ನೂ ಕೇಳಿರಲಿಲ್ಲ. ಈತ ಕೇಳಿದ.

ಮನೆಯಲ್ಲಿ ಎಷ್ಟು ಜನ ಎಂದ. ಮೂರು ಎಂದೆ. ಪೆನ್ಸಿಲ್ಲು ನಿಂತಿತು.

"ಇವತ್ತಿಗೆ, ಮೇಡಂ."

ಎರಡು ಎಂದೆ.

ಎಣ್ಣೆ ಎಷ್ಟು ಎಂದಾಗ ಒಂದು ಬಾಟಲಿ ಎಂದೆ. ಅವನು ತಲೆಯಾಡಿಸಿದ. "ಕೊಂಡದ್ದಲ್ಲ ಮೇಡಂ, ಮುಗಿದದ್ದು. ಮೂವತ್ತು ದಿನದಲ್ಲಿ ಮುಗಿದದ್ದು ಮಾತ್ರ ಹೇಳಿ."

ಅತ್ತೆಗೆ ಇದು ಭಾರೀ ಹಿಡಿಸಿತು. ಎದ್ದುಹೋಗಿ ಬಾಟಲಿ ತಂದು ಬೆಳಕಿಗೆ ಹಿಡಿದು, ಉಗುರಿಲ್ಲದ ಬೆರಳಿನಿಂದ ಗೆರೆ ತೋರಿಸಿದಳು. ಕಾಸ್ಟಿಕ್ ನೀರಿನಲ್ಲಿ ಮೂವತ್ತು ವರ್ಷ ಕೈಯಾಡಿಸಿ ಅವಳ ಉಗುರುಗಳು ಹೋಗಿದ್ದವು.

"ಹಂಗಾದ್ರೆ ಬಾಟಲಿ ತಂದಿಟ್ಕೊಂಡು ಮುಖ ನೋಡ್ತಾ ಕೂತ್ರೆ ಖರ್ಚೇ ಇಲ್ಲ ಅಂತಾಯ್ತು."

"ಹೌದಜ್ಜಿ. ಮುಟ್ಟದೇ ಇದ್ರೆ ಖರ್ಚಲ್ಲ."

ನೀರಿನ ಪ್ರಶ್ನೆ ಬಂದಾಗ ಅವಳು ನನ್ನನ್ನು ಬಾಯಿ ತೆರೆಯಲು ಬಿಡಲಿಲ್ಲ. "ನಾನು ಈ ಮನೆಗೆ ಬಂದಾಗ ನೀರಿಗೆ ದುಡ್ಡು ಅಂದ್ರೆ ಜನ ನಗ್ತಿದ್ರು. ಆಮೇಲೆ ನೀರಿಗೆ ಕೊಟ್ವಿ. ಆಮೇಲೆ ದೀಪಕ್ಕೆ. ಆಮೇಲೆ ಫೋನಿಗೆ. ಈಗ ಮೂಲೇಲಿ ಕೂತು ಉಚ್ಚೆ ಹೊಯ್ಯೋಕೂ ಕೊಡ್ತೀವಿ. ಕುಡಿಯೋಕೂ ದುಡ್ಡು, ಹೊಯ್ಯೋಕೂ ದುಡ್ಡು. ನಡುವೆ ಹೊಟ್ಟೇಲಿ ಇರೋ ಅಷ್ಟು ಹೊತ್ತು ಪುಕ್ಕಟೆ. ಅದನ್ನೂ ಬರ್ಕೊಳಪ್ಪ."

ಪ್ರಶ್ನೆಪ್ಪ ನಕ್ಕ. ಸೂತಕದ ಮನೆಯಲ್ಲಿ ನಕ್ಕೆನೆಂದು ಬಾಯಿ ಮುಚ್ಚಿಕೊಂಡ. ಆಮೇಲೆ ಔಷಧಿಯ ಪುಟ ತಿರುಗಿಸಿದ.

ನಾನು ಎಲ್ಲ ಹೇಳಿದೆ. ಹಾಸಿಗೆ, ಆಮ್ಲಜನಕ, ರಕ್ತ, ಎದೆಯ ಚಿತ್ರ, ಹೊರಗಿನಿಂದ ಬರೆದುಕೊಟ್ಟ ಔಷಧಿ. ತಾಳಿ ಮಾರಿದ್ದು, ಓಣಿಯವರು ಕೂಡಿಸಿ ಕೊಟ್ಟದ್ದು. ಹೆಣ ತಂದ ಗಾಡಿ, ಬಟ್ಟೆ, ಗುಂಡಿ ತೋಡಿದವರ ಕೂಲಿ. ಚೀಟಿಗಳನ್ನೆಲ್ಲ ಒಂದು ತಂತಿಗೆ ಚುಚ್ಚಿಡುವುದು ನನ್ನ ಅಭ್ಯಾಸ. ತಂತಿಯನ್ನೇ ಅವನ ಕೈಗೆ ಕೊಟ್ಟೆ.

"ನನ್ನ ಮಗನ ಮೇಲೆ ಹಾಕಿದ್ದು ಮುಗಿದ ಲೆಕ್ಕಕ್ಕೆ ಬರುತ್ತೇನಪ್ಪ?" ಎಂದು ಅತ್ತೆ ಕೇಳಿದಳು.

ಅವನು ತಲೆ ತಗ್ಗಿಸಿ ಬರೆದುಕೊಂಡ.

ಊಟದ ಪುಟ ಬೇಗ ಮುಗಿಯಿತು. ಇಪ್ಪತ್ತೆರಡು ದಿನ ಒಲೆ ಹೊತ್ತಿರಲಿಲ್ಲ. ಆಸ್ಪತ್ರೆಯ ಗೇಟಿನಲ್ಲಿ ಚಹಾ, ಬನ್ನು. ಮಣ್ಣು ಮಾಡಿದ ಮೇಲಿನ ದಿನಗಳಲ್ಲಿ ಓಣಿಯವರು ಕೊಟ್ಟದ್ದು. ಅವನು ಕೂಡಿಸಿ, ಭಾಗಿಸಿ, ಮೂಲೆಯಲ್ಲಿ ಹತ್ತೊಂಬತ್ತು ಎಂದು ಬರೆದ.

ಮನೆಯ ಖರ್ಚು ನೂರಾದರೆ ಅದರಲ್ಲಿ ಹೊಟ್ಟೆಗೆ ಹೋಗುವುದೆಷ್ಟು? ಬಡವರ ಮನೆಯಲ್ಲಿ ಅರವತ್ತು, ಎಪ್ಪತ್ತು. ಕೈಯಲ್ಲಿ ಕಾಸಾಡಿದಂತೆ ಜನ ಬಟ್ಟೆ, ಓದು, ಓಡಾಟ, ಆರೋಗ್ಯ ಎಂದು ಬೇರೆಯದಕ್ಕೆ ಹೆಚ್ಚು ಕೊಡುತ್ತ ಹೋಗುತ್ತಾರೆ. ಹೊಟ್ಟೆಯ ಪಾಲು ಇಳಿಯುತ್ತ ಬರುತ್ತದೆ. ಹಾಗೆ ಇಳಿಯುವುದೇ ಒಂದು ದೇಶ ಮೇಲೆ ಬರುತ್ತಿರುವ ಗುರುತು. ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂದಿತ್ತು. ನನಗೆ ಇಪ್ಪತ್ತಕ್ಕೆ ಹದಿನೆಂಟು ಸಿಕ್ಕಿತ್ತು.

ಹೊರಡುವಾಗ ಪ್ರಶ್ನೆಪ್ಪ, ನಿಮ್ಮಂಥವರು ಸಿಗುವುದು ಅಪರೂಪ, ಎಲ್ಲರೂ ಸುಳ್ಳು ಹೇಳುತ್ತಾರೆ ಎಂದ. ಆ ಮಾತಿಗೆ ನನ್ನೊಳಗೆ ಸಣ್ಣದೊಂದು ಸಂತೋಷವಾಯಿತು. ಗಂಡ ಸತ್ತ ಮೇಲೆ ಆದ ಮೊದಲ ಸಂತೋಷ ಅದು. ನೆನಪಿದೆ.

*

ಕಾರ್ಡಿನ ಜೊತೆ ಹೋದದ್ದು ಅಕ್ಕಿಯೊಂದೇ ಅಲ್ಲ. ಅತ್ತೆಗೆ ಸಕ್ಕರೆ ಕಾಯಿಲೆ. ಕಾರ್ಡು ತೋರಿಸಿದರೆ ದೊಡ್ಡಾಸ್ಪತ್ರೆಯಲ್ಲಿ ತಿಂಗಳಿಗೆ ಮೂರು ಸೀಸೆ ಇನ್ಸುಲಿನ್ ಪುಕ್ಕಟೆ ಕೊಡುತ್ತಿದ್ದರು. ಅತ್ತೆ ಅದನ್ನು ಸೂಜಿನೀರು ಎನ್ನುತ್ತಿದ್ದಳು. ಇನ್ನು ಅದನ್ನು ಅಂಗಡಿಯಲ್ಲಿ ಕೊಳ್ಳಬೇಕಿತ್ತು. ನನ್ನ ಹನ್ನೆರಡು ದಿನದ ಕೂಲಿ.

ಗಂಡ ಸತ್ತ ಮೇಲೆ ಧಣಿ ನನ್ನನ್ನು ಅಂಗಳಕ್ಕೆ ಸೇರಿಸಿಕೊಂಡಿದ್ದ. ಕಾರ್ಡಿನ ಕಚೇರಿಗೆ ಹೋಗಲು ಅರ್ಧ ದಿನ ರಜೆ ಕೇಳಿದೆ. ಅವನಿಗೆ ಸುದ್ದಿ ಆಗಲೇ ಮುಟ್ಟಿತ್ತು. ಡ್ರಮ್ ಉರುಳಿಸುತ್ತಿದ್ದ ಹೆಂಗಸರನ್ನೆಲ್ಲ ನಿಲ್ಲಿಸಿದ.

"ಕೂಲಿ ಸಾಲಲ್ಲ ಅಂತ ಬಾಯಿ ಬಡ್ಕೋತೀರಲ್ಲ, ನೋಡ್ರೇ. ನನ್ನ ಕೂಲಿ ತಿಂದು ನಮ್ಮ ಎಮ್ಮೆ ಸಾಹುಕಾರ್ತಿ ಆಗಿದಾಳೆ. ನಾನು ಹೇಳ್ತಿಲ್ಲ, ಸರ್ಕಾರ ಹೇಳ್ತಿದೆ."

ಯಾರೂ ನಗಲಿಲ್ಲ. ಬೊಕ್ಕಬಾಯಿ ತನ್ನ ಡ್ರಮ್ಮನ್ನು ಒದ್ದಳು. ಒಳಗಿನ ಸರಪಳಿ ಸದ್ದು ಮಾಡಿತು. ಧಣಿ ಅರ್ಧ ದಿನ ಬಿಟ್ಟು ಇಡೀ ದಿನದ ಕೂಲಿ ಹಿಡಿದ. ನಾನು ಗೇಟು ದಾಟುವಾಗ, ಸಾಲದಿದ್ದರೆ ಟ್ಯಾಂಕು ಇದೆ, ನಿನ್ನ ಗಂಡನ ಜಾಗ ಇನ್ನೂ ಖಾಲಿ ಇದೆ ಎಂದು ಕೂಗಿ ಹೇಳಿದ.

*

ಕಚೇರಿಗೆ ಅತ್ತೆಯೂ ಬಂದಳು. ಬೇಡವೆಂದರೂ ಕೇಳಲಿಲ್ಲ. ಬಾಗಿಲ ಬಳಿ ನೆಲದ ಮೇಲೆ ಕೂತಳು. ಜವಾನ ಅಲ್ಲಿಂದಲೂ ಎಬ್ಬಿಸಿ ಆಚೆ ಕೂರಿಸಿದ, ವಾಸನೆ ಬರುತ್ತದೆಂದ.

ಅಧಿಕಾರಿ ಪಟ್ಟಿ ತೆಗೆದು ಮೇಜಿನ ಗಾಜಿನ ಮೇಲೆ ಹರಡಿದ. ನಾನು ವಿವರಿಸಿದೆ. ಆ ತಿಂಗಳು ಆಸ್ಪತ್ರೆಯಲ್ಲಿದ್ದೆವು, ಅದಕ್ಕೆ ಒಲೆ ಹೊತ್ತಲಿಲ್ಲ, ಅದಕ್ಕೆ ಹೊಟ್ಟೆಯ ಪಾಲು ಇಳಿಯಿತು, ಇದು ಏಳಿಗೆಯ ಇಳಿತವಲ್ಲ ಎಂದೆ. ಯಾಕೆ ಎಂಬುದಕ್ಕೆ ನಮೂನೆಯಲ್ಲಿ ಜಾಗವಿಲ್ಲ, ಎಷ್ಟು ಎಂಬುದಕ್ಕೆ ಮಾತ್ರ ಇದೆ, ಓದಿದವಳಿಗೆ ಇಷ್ಟು ಗೊತ್ತಿರಬೇಕು ಎಂದ ಅವನು. ಆಮೇಲೆ ಔಷಧಿಯ ಸಾಲಿನ ಮೇಲೆ ಪೆನ್ನು ಕುಟ್ಟಿದ.

"ಆಸ್ಪತ್ರೆಗೆ ಇಷ್ಟು ಸುರಿದಿದೀರಿ. ನಿಜವಾದ ಬಡವರು ಮನೇಲೇ ಸಾಯ್ತಾರಮ್ಮ."

ನನಗೆ ಆ ಹೊತ್ತಿನಲ್ಲಿ ಏನೂ ಅನಿಸಲಿಲ್ಲ. ಅದೇ ನನ್ನ ಕಾಯಿಲೆಯಾಗಿತ್ತು.

ಅತ್ತೆ ಎದ್ದು ಒಳಗೆ ಬಂದಳು. ಜವಾನ ತಡೆಯುವ ಮೊದಲೇ ಮೇಜಿನ ಹತ್ತಿರ ಬಂದು ಬಾಗಿ, ಅಕ್ಷರ ಬಾರದ ಕಣ್ಣಿನಿಂದ ಪಟ್ಟಿಯನ್ನು ನೋಡಿದಳು.

"ಸಾಹೇಬ್ರೆ, ನಮ್ಮನ್ನ ಸಾಹುಕಾರ ಮಾಡಿದ್ದು ಇದರಲ್ಲಿ ಯಾವುದು, ಸ್ವಲ್ಪ ತೋರಿಸಿ."

ಅವನು ಬೆರಳಿಟ್ಟ. "ಇದು. ಔಷಧಿ."

"ಇದೊಂದು ಇಲ್ದೆ ಹೋದ್ರೆ?"

"ಇಲ್ದಿದ್ರೆ ಊಟದ ಪಾಲು ಆರಾಮಾಗಿ ಎಪ್ಪತ್ತು ದಾಟುತ್ತೆ. ಅರವತ್ತು ದಾಟಿದ್ರೆ ಸಾಕು, ಕಾರ್ಡು ಬರುತ್ತೆ."

ಅತ್ತೆ ಸಂತೆಯಲ್ಲಿ ಬೆಲೆ ಕುದುರಿದವಳಂತೆ ತಲೆಯಾಡಿಸಿದಳು. ನಾನು ಅರ್ಜಿ ಬರೆದುಕೊಟ್ಟೆ. ಇವತ್ತಿನಿಂದ ಮೂವತ್ತು ದಿನದ ಖರ್ಚು ನೋಡುತ್ತೇವೆ, ಮೂವತ್ತೊಂದನೆಯ ದಿನ ಅದೇ ಸರ್ವೆಯವನು ಬರುತ್ತಾನೆ ಎಂದರು.

ವಾಪಸು ಬರುವಾಗ ಅತ್ತೆ ಬಹಳ ಖುಷಿಯಾಗಿದ್ದಳು. "ಹೆಣ್ಣು ನೋಡೋಕೆ ಬರೋ ಹಂಗೆ ಬಡತನ ನೋಡೋಕೆ ಬರ್ತಾರಂತೆ ಕಣೇ. ಸಿಂಗಾರ ಮಾಡ್ಕೋಬೇಕು" ಎಂದಳು.

*

ನಾನು ಟ್ಯಾಂಕಿಗೆ ಇಳಿದೆ. ವಾರಕ್ಕೆ ಎರಡು ಸಲ. ಸೊಂಟಕ್ಕೆ ಹಗ್ಗ, ಬಾಯಿಗೆ ಒದ್ದೆ ಬಟ್ಟೆ, ಕೈಯಲ್ಲಿ ತಗಡಿನ ಕೆರೆಯುವ ಅಲಗು. ಮೇಲೆ ಬೊಕ್ಕಬಾಯಿ ಹಗ್ಗದ ತುದಿ ಹಿಡಿದು ನೂರರವರೆಗೆ ಎಣಿಸುತ್ತಿದ್ದಳು. ನೂರಾದರೆ ಎಳೆಯುತ್ತಿದ್ದಳು. ಅವಳಿಗೆ ಎಣಿಕೆ ಸರಿಯಾಗಿ ಬರುವುದಿಲ್ಲ. ಅರವತ್ತರಿಂದ ಎಂಬತ್ತಕ್ಕೆ ಹಾರುತ್ತಾಳೆ. ಅದರಿಂದ ಒಳ್ಳೆಯದೇ ಆಯಿತು.

ಆ ದುಡ್ಡಿನಲ್ಲಿ ಒಂದೊಂದಾಗಿ ಮೂರು ಸೀಸೆ ಕೊಂಡೆ. ಸರ್ವೆಯವನಿಗೆ ಈ ಸಲ ಸುಳ್ಳು ಹೇಳುವುದೆಂದು ತೀರ್ಮಾನಿಸಿದ್ದೆ. ಔಷಧಿ ಇಲ್ಲ ಎನ್ನುವುದು, ಅಷ್ಟೆ. ಮನೆಯಲ್ಲಿ ತಣ್ಣನೆಯ ಪೆಟ್ಟಿಗೆ ಇಲ್ಲ. ಸೀಸೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮೂಲೆಯ ಮಣ್ಣಿನ ಮಡಕೆಯ ನೀರಿನಲ್ಲಿ ಇಳಿಬಿಡುತ್ತಿದ್ದೆವು. ಸೂಜಿಯನ್ನು ಅತ್ತೆ ತಾನೇ ಹಾಕಿಕೊಳ್ಳುತ್ತಿದ್ದಳು, ಬೆಳಿಗ್ಗೆ, ನಾನು ಹೊರಟ ಮೇಲೆ. ಹಾಕಿಕೊಂಡೆಯಾ ಎಂದರೆ, ಹಾಕ್ಕೊಂಡೆ, ನಿನ್ನ ಹಂಗೆ ನನಗೇನು ಮರೆವಾ ಎನ್ನುತ್ತಿದ್ದಳು.

ಅವಳು ನೀರು ಕುಡಿಯುವುದು ಹೆಚ್ಚಾಯಿತು. ಕುಡಿಯುವ ಕೊಡ ಮಧ್ಯಾಹ್ನಕ್ಕೇ ಬರಿದಾಗುತ್ತಿತ್ತು. ರವಿಕೆಯ ತೋಳು ಸಡಿಲವಾಯಿತು. ಎಡಗಾಲಿನ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದಳು. ಡ್ರಮ್ ಕಾಲ ಮೇಲೆ ಹತ್ತಿತು ಎಂದಳು. ಬಟ್ಟೆಯ ಅಂಚು ಕಪ್ಪಾಗಿತ್ತು. ಎಲ್ಲವನ್ನೂ ನಾನು ನೋಡಿದೆ. ನೋಡಿದೆ ಅಷ್ಟೆ, ಕಾಣಲಿಲ್ಲ. ಗಂಡ ಸತ್ತ ಮೇಲೆ ನನಗೂ ಜಗತ್ತಿಗೂ ನಡುವೆ ಒಂದು ತಗಡು ಬಂದು ನಿಂತಿತ್ತು. ಆಚೆ ಯಾರೋ ತಟ್ಟುತ್ತಿದ್ದದ್ದು ಕೇಳುತ್ತಿತ್ತು.

ಒಂದು ಸಂಜೆ ಅವಳು ನನ್ನ ತಲೆಗೆ ನೀರು ಹೊಯ್ಯುತ್ತಿದ್ದವಳು ನಿಲ್ಲಿಸಿ, ಬಗ್ಗಿ ಕೂದಲು ಮೂಸಿದಳು.

"ನಿನ್ನ ತಲೇಲಿ ಅವನ ವಾಸನೆ ಬರ್ತಿದೆ."

ಅವಳು ಚೊಂಬು ಕೆಳಗಿಟ್ಟು ಸ್ವಲ್ಪ ಹೊತ್ತು ನನ್ನ ತಲೆಯ ಮೇಲೆ ಕೈಯಿಟ್ಟಿದ್ದಳು. ಆಮೇಲೆ ಮತ್ತೆ ನೀರು ಹೊಯ್ದಳು.

"ಕಾರ್ಡು ಒಂದು ಬಂದುಬಿಡಲಿ" ಎಂದಳು. "ಆಮೇಲೆ ಆ ಬೋಳಿಮಗನ ಟ್ಯಾಂಕಿಗೆ ಬೆಂಕಿ ಹಾಕು."

*

ಮೂವತ್ತೊಂದನೆಯ ದಿನ ಪ್ರಶ್ನೆಪ್ಪ ಬಂದಾಗ ಅತ್ತೆ ಚಾಪೆಯಿಂದ ಏಳಲಿಲ್ಲ. ಎರಡು ದಿನದಿಂದ ಮಂಪರು. ಬಾಯಲ್ಲಿ ಹಣ್ಣು ಕೊಳೆತಂಥ ಸಿಹಿ ವಾಸನೆ. ರಾತ್ರಿಯೇ ಆಸ್ಪತ್ರೆಗೆ ಹೋಗೋಣ ಎಂದಿದ್ದೆ. ಅವಳು ನನ್ನ ಸೀರೆ ಹಿಡಿದುಕೊಂಡು, ನಾಳೆ ಅವನು ಬಂದು ಹೋಗಲಿ, ಅಲ್ಲಿಗೆ ಹೋದರೆ ಮತ್ತೆ ಔಷಧಿ ಎಂದು ಬರೆದುಕೊಳ್ಳುತ್ತಾರೆ ಎಂದಿದ್ದಳು. ನಾನು ಒಪ್ಪಿದ್ದೆ.

ಪ್ರಶ್ನೆಪ್ಪ ಅದೇ ಡ್ರಮ್ಮಿನ ಮೇಲೆ ಕೂತ. ಅಜ್ಜಿಗೆ ಏನಾಗಿದೆ ಎಂದು ಕೇಳಿದ. ಜ್ವರ ಎಂದೆ. ಅಕ್ಕಿ, ಬೇಳೆ, ಎಣ್ಣೆ, ಸೌದೆ. ಎಲ್ಲಕ್ಕೂ ಮುಗಿದದ್ದನ್ನು ಹೇಳಿದೆ. ಔಷಧಿಯ ಪುಟ ಬಂತು. ಇಲ್ಲ ಎಂದೆ. ನನ್ನ ಜೀವಮಾನದಲ್ಲಿ ಒಂದು ಕಾಗದಕ್ಕೆ ಹೇಳಿದ ಮೊದಲ ಸುಳ್ಳು.

ಅವನು ಬರೆಯಲಿಲ್ಲ. ಅವನ ಕಣ್ಣು ನನ್ನ ಹಿಂದಿನ ಗೋಡೆಯ ಮೇಲಿತ್ತು. ತಂತಿ. ಮೂರು ಸೀಸೆಗಳ ಚೀಟಿಗಳನ್ನು ನಾನು ಎಂದಿನಂತೆ ತಾರೀಖಿನ ಪ್ರಕಾರ ಚುಚ್ಚಿಟ್ಟಿದ್ದೆ.

"ಮೇಡಂ, ನೀವೂನಾ" ಎಂದ. ಬೈಗುಳದ ದನಿಯಲ್ಲ. ನಿಜಕ್ಕೂ ನೊಂದಿದ್ದ. ಚೀಟಿ ಕಂಡ ಮೇಲೆ ಬರೆಯದಿದ್ದರೆ ತನ್ನ ಕೆಲಸ ಹೋಗುತ್ತದೆ, ಬರೆದರೆ ನಲವತ್ತಕ್ಕೆ ಇಳಿಯುತ್ತದೆ, ಕಾರ್ಡು ಬರುವುದಿಲ್ಲ ಎಂದು ತನ್ನಷ್ಟಕ್ಕೇ ಹೇಳಿಕೊಳ್ಳುತ್ತ ಪೆನ್ಸಿಲ್ಲು ಎತ್ತಿಕೊಂಡ.

ಆಗ ಚಾಪೆಯಿಂದ ಅತ್ತೆಯ ದನಿ ಬಂತು. ನಾಲಿಗೆ ಒಣಗಿ ಅಂಗುಳಕ್ಕೆ ಅಂಟುತ್ತಿತ್ತು. "ಪ್ರಶ್ನೆಪ್ಪ. ಮಡಕೇಲಿ ಕೈ ಹಾಕು."

ಅವನು ನನ್ನನ್ನು ನೋಡಿದ.

"ಅವಳನ್ನೇನು ನೋಡ್ತೀಯ. ಅವಳು ಎಮ್ಮೆ. ಹಾಕು ಕೈ."

ಅವನು ಎದ್ದುಹೋಗಿ ಮಡಕೆಯೊಳಗಿಂದ ಪ್ಲಾಸ್ಟಿಕ್ ಚೀಲ ಎತ್ತಿದ. ನೀರು ತೊಟ್ಟಿಕ್ಕಿತು. ಬಿಚ್ಚಿ ಮೂರು ಸೀಸೆಗಳನ್ನು ಡ್ರಮ್ಮಿನ ಮೇಲೆ ಸಾಲಾಗಿ ನಿಲ್ಲಿಸಿದ. ಮೂರೂ ಕತ್ತಿನವರೆಗೆ ತುಂಬಿದ್ದವು. ಮೇಲಿನ ಮುಚ್ಚಳ ಒಂದರದ್ದೂ ಕಿತ್ತಿರಲಿಲ್ಲ.

"ಕೊಂಡದ್ದಲ್ಲ, ಮುಗಿದದ್ದು ಅಂದಿದ್ದೆ ನೀನು" ಎಂದಳು ಅತ್ತೆ. "ಮುಟ್ಟಿಲ್ಲ, ನೋಡ್ಕೋ. ಮುಖ ನೋಡ್ತಾ ಕೂತಿದೀನಿ."

ಪ್ರಶ್ನೆಪ್ಪ ಚೀಲದಿಂದ ನಿಯಮದ ಪುಸ್ತಕ ತೆಗೆದು ಪುಟ ಹುಡುಕಿದ. ನಿಯಮ ಅವಳ ಕಡೆಗಿತ್ತು. ಔಷಧಿಯ ಎದುರು ಸೊನ್ನೆ ಬರೆದ. ಕೂಡಿಸಿದ. ಎಪ್ಪತ್ತೊಂದು.

"ಬಡವರಾದ್ವಾ?" ಎಂದಳು ಅತ್ತೆ.

"ಹೌದಜ್ಜಿ."

ಅವಳು ನಕ್ಕಳು. ಹೆಬ್ಬೆಟ್ಟು ಮುಂದೆ ಚಾಚಿದಳು. ಅವನು ಶಾಯಿ ಹಚ್ಚಿ ಒತ್ತಿಸಿಕೊಂಡ.

ನಾನು ಮೊದಲ ಸೀಸೆಯ ಮುಚ್ಚಳ ಕಿತ್ತು ಸೂಜಿ ತುಂಬಿದೆ. ಎಷ್ಟು ಹಾಕಬೇಕೆಂದು ಗೊತ್ತಿರಲಿಲ್ಲ. ಹಾಕಿದೆ. ಧಣಿಯ ಅಂಗಳದ ಕೈಗಾಡಿಯಲ್ಲಿ ಏಳು ಡ್ರಮ್ಮುಗಳು ಪೇಟೆಗೆ ಹೋಗಲು ಕಾದಿದ್ದವು. ಬೊಕ್ಕಬಾಯಿ ಅವನ್ನು ಒಂದೊಂದಾಗಿ ಒದ್ದು ಕೆಳಗೆ ಉರುಳಿಸಿದಳು. ಧಣಿ ಬಾಗಿಲಿಗೆ ಬಂದು ಕೂಗಿದ. ಅವಳು ತಿರುಗಿ ನೋಡದೆ ಅವನ ತಾಯಿಯನ್ನು ನೆನೆದಳು. ಅತ್ತೆಯನ್ನು ಗಾಡಿಯ ಮೇಲೆ ಮಲಗಿಸಿ ದೊಡ್ಡಾಸ್ಪತ್ರೆಗೆ ಎಳೆದುಕೊಂಡು ಹೋದೆವು. ಕಿಟಕಿಯಲ್ಲಿ ಕಾರ್ಡು ಕೇಳಿದರು. ಬರುತ್ತದೆ ಎಂದೆ. ಬಂದ ಮೇಲೆ ಬನ್ನಿ ಎಂದರು. ಪ್ರಶ್ನೆಪ್ಪ ಹಿಂದೆಯೇ ಬಂದಿದ್ದ; ತನ್ನ ಜೇಬಿನಿಂದ ದುಡ್ಡು ಕಟ್ಟಿದ.

ಮೂರನೆಯ ಬೆಳಿಗ್ಗೆ ಅವಳು ತೀರಿಕೊಂಡಳು. ಮಗನ ಪಕ್ಕದಲ್ಲಿ ಜಾಗ ಸಿಕ್ಕಿತು. ಈ ಸಲ ಚೀಟಿಗಳನ್ನು ತಂತಿಗೆ ಚುಚ್ಚಲಿಲ್ಲ.

*

ಕಾರ್ಡು ನಲವತ್ತು ದಿನಕ್ಕೆ ಬಂತು. ಹೊಸದು, ವಾಸನೆಯಿಲ್ಲದ್ದು. ಯಜಮಾನಿ: ಅತ್ತೆಯ ಹೆಸರು. ಉಣ್ಣುವವರು: ಎರಡು.

ಸಾಲಿನಲ್ಲಿ ನಿಂತೆ. ಬೊಕ್ಕಬಾಯಿ ನನ್ನ ಹಿಂದಿದ್ದಳು. ನನ್ನ ಕೈಯಲ್ಲಿ ಅತ್ತೆಯ ಚೀಲವಿತ್ತು, ಬಾಗಿಲಾಚೆಯಿಂದ ಅವಳು ಅವತ್ತು ಹೆಕ್ಕಿಕೊಂಡು ಮಣ್ಣು ಕೊಡವಿದ್ದು. ತಕ್ಕಡಿಯವನು ಕಾರ್ಡು ನೋಡಿದ. ಪೆನ್ನಿನಿಂದ ಎರಡನ್ನು ಹೊಡೆದು ಒಂದು ಮಾಡಿದ. ಒಬ್ಬಳ ಪಾಲು ಅಳೆಯಲು ಡಬ್ಬ ಎತ್ತಿಕೊಂಡ.

"ಎರಡು ತೂಗು" ಎಂದೆ.

"ಮುದುಕಿ ಹೋದ್ಳಲ್ಲ."

"ತೂಗು."

"ಸತ್ತೋರಿಗೆ ಅಕ್ಕಿ ಹಾಕೋಕೆ ಇದೇನು ನಿಮ್ಮಪ್ಪನ ಕಣಜಾನಾ?"

"ಈ ಕಾರ್ಡು ಕೊಂಡಿದ್ದು ಅವಳು."

ಅವನು ಸಾಲಿನ ಕಡೆ ತಿರುಗಿ ನಕ್ಕ. ಕಾರ್ಡನ್ನು ಯಾರಾದರೂ ಕೊಳ್ಳುತ್ತಾರಾ, ಓದಿ ಓದಿ ಎಮ್ಮೆಗೆ ತಲೆ ಕೆಟ್ಟಿದೆ ಎಂದ. ಸಾಲಿನಿಂದ ನಗು ಬರಲಿಲ್ಲ.

ನಾನು ಖಾಲಿ ಚೀಲವನ್ನು ತಕ್ಕಡಿಯ ತಟ್ಟೆಯ ಮೇಲಿಟ್ಟೆ. ಅವನು ತೆಗೆದು ಎಸೆದ. ಬೊಕ್ಕಬಾಯಿ ಹೆಕ್ಕಿ ಕೊಟ್ಟಳು. ಮತ್ತೆ ಇಟ್ಟೆ. ಈ ಸಲ ಅದರ ಮೇಲೆ ಕೈಯಿಟ್ಟು ನಿಂತೆ. ಮುಂದೆ ನಡಿ, ಹಿಂದೆ ಜನ ಇದ್ದಾರೆ ಎಂದು ಅವನು ಕೂಗಿದ. ಹಿಂದೆ ಯಾರೂ ನೂಕಲಿಲ್ಲ. ಬೊಕ್ಕಬಾಯಿಯ ಕೈಯೂ ಬಂದು ಚೀಲದ ಮೇಲೆ ಕೂತಿತು. ಕಾಸ್ಟಿಕ್ಕಿನ ವಾಸನೆ, ಉಗುರಿಲ್ಲದ ಬೆರಳುಗಳು.

ತಕ್ಕಡಿಯವನು ಡಬ್ಬ ಹಿಡಿದುಕೊಂಡೇ ಮುಳ್ಳನ್ನು ನೋಡುತ್ತಿದ್ದ. ಅದು ಅವನ ಒಂದು ಬೆರಳನ್ನು ದಾಟಿ ಮುಂದೆ ಹೋಗಿತ್ತು, ಅಲ್ಲೇ ನಡುಗುತ್ತಿತ್ತು.